ಹೆಸರು ಹೇಳದ ಉಪಕಾರ

ದಾನದ ಪ್ರಸ್ತಾಪ ಬಂದಾಗಲೆಲ್ಲ ಗೀತೆಯ ಹದಿನೇಳನೆಯ ಅಧ್ಯಾಯವು ನೆನಪಾಗುವುದು ಸಹಜ. ಪ್ರತ್ಯುಪಕಾರ ಮಾಡಲಾರದವನಿಗೆ, ಕೊಡುವುದು ಕರ್ತವ್ಯವೆಂಬ ಬುದ್ಧಿಯಿಂದ, ದೇಶ ಕಾಲ ಪಾತ್ರಗಳನ್ನರಿತು ಕೊಟ್ಟದ್ದು ಸಾತ್ತ್ವಿಕವೆಂದು ಭಗವಂತನು ಅಲ್ಲಿ ವಿಂಗಡಿಸಿದ್ದಾನೆ. ಆದರೆ ಪ್ರತ್ಯುಪಕಾರವೆಂದರೆ ಹಣವೋ ವಸ್ತುವೋ ಮಾತ್ರವೇ? ಪಡೆದವನು ಮರುದಿನ ಎದುರಾದಾಗ ತಲೆತಗ್ಗಿಸಿ ಮಾಡುವ ನಮಸ್ಕಾರವೂ ಒಂದು ಬಗೆಯ ಸಂದಾಯವೇ. ಬೇರೇನೂ ಇಲ್ಲದವನು ಇದನ್ನು ಕೊಡುತ್ತಾನೆ. ಕೆಲವೊಮ್ಮೆ ಬಹಳ ಸಂಕಟಪಟ್ಟು ಕೊಡುತ್ತಾನೆ. ಕೊಟ್ಟವನು ಯಾರೆಂದೇ ತಿಳಿಯದಿದ್ದರೆ ಆ ಸಾಲವೂ ಅವನ ತಲೆಯ ಮೇಲೆ ಉಳಿಯುವುದಿಲ್ಲ.

ಮಹಾಭಾರತದ ಆಶ್ವಮೇಧಿಕ ಪರ್ವದ ಮುಂಗುಸಿಯ ಕಥೆಯನ್ನು ವಾಚಕರು ಬಲ್ಲರು. ಕುರುಕ್ಷೇತ್ರದಲ್ಲಿ ಉಂಛವೃತ್ತಿಯಿಂದ ಬದುಕುತ್ತಿದ್ದ ಬ್ರಾಹ್ಮಣನೊಬ್ಬನು, ಕ್ಷಾಮಕಾಲದಲ್ಲಿ ದೊರೆತ ಒಂದು ಪ್ರಸ್ಥ ಜವೆಯ ಹಿಟ್ಟಿನಲ್ಲಿ ತನ್ನ ಪಾಲನ್ನು ಅಪರಿಚಿತ ಅತಿಥಿಗೆ ಬಡಿಸಿದನು. ಹಸಿವು ತಣಿಯಲಿಲ್ಲ. ಹೆಂಡತಿ, ಮಗ, ಸೊಸೆ ಒಬ್ಬರಾದ ಮೇಲೊಬ್ಬರು ತಮ್ಮ ಪಾಲನ್ನೂ ಒಪ್ಪಿಸಿದರು. ಅಲ್ಲಿ ಚೆಲ್ಲಿದ್ದರ ಸೋಂಕಿನಿಂದ ಅರ್ಧ ಮೈ ಹೊನ್ನಾದ ಮುಂಗುಸಿಗೆ, ಧರ್ಮರಾಯನ ಯಜ್ಞಶಾಲೆಯಲ್ಲಿ ಹೊರಳಿದರೂ ಉಳಿದರ್ಧ ಹೊನ್ನಾಗಲಿಲ್ಲ. ಅಶ್ವಮೇಧ ಮಾಡಿದವನ ಹೆಸರು ಲೋಕಕ್ಕೆಲ್ಲ ತಿಳಿದಿದೆ. ಈ ಬ್ರಾಹ್ಮಣನ ಹೆಸರನ್ನು ಕಥೆ ಹೇಳುವುದೇ ಇಲ್ಲ. ‘ಸಕ್ತುಪ್ರಸ್ಥ’ನೆಂದು ಅವನನ್ನು ಕರೆಯುವ ರೂಢಿಯಿದೆ, ಅದು ಅವನು ಕೊಟ್ಟ ಹಿಟ್ಟಿನ ಅಳತೆ, ಅಷ್ಟೆ!

ಊರು ಬಿಟ್ಟು ಮುಂಬಯಿ, ಚೆನ್ನೈಗಳಲ್ಲಿ ನೆಲೆಸಿದ ನಮಗೆ ಪಕ್ಕದ ಮನೆಯವರ ಹೆಸರೂ ತಿಳಿಯದೆಂಬ ಕೊರಗುಂಟು. ಆದರೆ ಇದೇ ಮಹಾನಗರದಲ್ಲಿ ಹೆಸರಿಲ್ಲದ ದಾನಕ್ಕೆ ಇರುವಷ್ಟು ಅವಕಾಶ ಹಳ್ಳಿಯಲ್ಲಿಲ್ಲ. ರಕ್ತದಾನವನ್ನೇ ನೋಡಿ. ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ಹಣಕ್ಕೆ ರಕ್ತ ಮಾರುವ ಪದ್ಧತಿ ನಮ್ಮ ದೇಶದಲ್ಲಿ ನಿಷಿದ್ಧವಾಗಿದೆ. ಬಂಧುವಿಗೆ ಬೇಕಾದಾಗ ಕೊಡುವುದು ಬೇರೆ ಮಾತು. ಶಿಬಿರಕ್ಕೆ ಹೋಗಿ ಕೊಟ್ಟ 350 ಮಿಲಿಲೀಟರ್ ರಕ್ತವು ಯಾರನ್ನು ಸೇರುವುದೋ ಕೊಟ್ಟವನಿಗೆ ತಿಳಿಯದು. ಚೀಲದ ಮೇಲೆ ಸಂಖ್ಯೆ, ರಕ್ತದ ಗುಂಪು, ದಿನಾಂಕಗಳಿರುತ್ತವೆ. ರೋಗಿಗೆ ಕಾಣುವಂತೆ ದಾನಿಯ ಹೆಸರಿರುವುದಿಲ್ಲ. ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳೆಂದು ಬೇರ್ಪಡಿಸಿದಾಗ ಒಬ್ಬನ ದಾನವು ಮೂವರಿಗೂ ಸಲ್ಲಬಹುದು. ಅವರ ಜಾತಿ, ಭಾಷೆ, ಯೋಗ್ಯತೆಗಳನ್ನು ತೂಗಿ ನೋಡುವ ಅಧಿಕಾರ ಕೊಟ್ಟವನಿಗಿಲ್ಲ. ಕೊಟ್ಟು ಹೊರಬಂದವರ ಮುಖದಲ್ಲಿ ಒಂದು ಹಗುರವಾದ ಸಂತೋಷ ಕಾಣುವುದಕ್ಕೆ ಇದೇ ಕಾರಣವಿರಬೇಕು: ಅಲ್ಲಿ ಯಾವ ಲೆಕ್ಕವೂ ತೆರೆದಿರುವುದಿಲ್ಲ.

ಹಾಗಾದರೆ ಸಂಕಲ್ಪದಲ್ಲಿ ನಾಮಗೋತ್ರಗಳನ್ನು ಉಚ್ಚರಿಸುವುದೇಕೆ, ಸಂಸ್ಥೆಗಳು ದಾನಿಗಳ ಪಟ್ಟಿಯನ್ನು ಅಚ್ಚು ಹಾಕಿಸುವುದೇಕೆ ಎಂದು ಕೇಳಬಹುದು. ಸಂಕಲ್ಪದ ಹೆಸರು ಕರ್ತವ್ಯಕ್ಕೆ ಕಟ್ಟುಬಿದ್ದವನು ಯಾರೆಂದು ಗುರುತಿಸಲಿಕ್ಕೆ. ಪಟ್ಟಿಯು ಸಾರ್ವಜನಿಕರ ಹಣದ ಲೆಕ್ಕಕ್ಕೆ. ಎರಡೂ ಬೇಕಾದವೇ. ಅಮೃತಶಿಲೆಯ ಮೇಲೆ ಕೆತ್ತಿಸಿದ ಹೆಸರಿನಿಂದ ಅರವಟ್ಟಿಗೆಯ ನೀರು ಕಹಿಯಾಗುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಬೇರೆಯೇ ಇದೆ. ಹೆಸರನ್ನು ಮುಚ್ಚಿಟ್ಟವನು ‘ನಾನು ಗುಟ್ಟಾಗಿ ಕೊಟ್ಟೆ’ ಎಂಬ ಅಭಿಮಾನವನ್ನು ಒಳಗೆ ಪೋಷಿಸಬಹುದು. ಹೊರಗಿನ ಹೊಗಳಿಕೆಯಾದರೋ ನಾಲ್ಕು ದಿನಕ್ಕೆ ಮುಗಿಯುತ್ತದೆ. ತನ್ನನ್ನು ತಾನು ಹೊಗಳಿಕೊಳ್ಳುವುದಕ್ಕೆ ಮುಗಿವೆಂಬುದಿಲ್ಲ. ಸ್ವತಂತ್ರ ಕರ್ತೃತ್ವವು ಶ್ರೀಹರಿಗೊಬ್ಬನಿಗೇ ಸಲ್ಲುವುದೆಂದು ನಿತ್ಯವೂ ಅನುಸಂಧಾನ ಮಾಡಬೇಕಾದ ನಾವು ಈ ಜಾಗದಲ್ಲಿ ಎಚ್ಚರ ತಪ್ಪುವುದು ಸುಲಭ. ಸಂತೋಷಪಡಬಾರದೆಂದು ಇದರ ಅರ್ಥವಲ್ಲ. ಒಬ್ಬನ ನೋವು ಕಳೆಯಿತೆಂಬ ಸಂತೋಷ ಬೇರೆ, ಕಳೆದವನು ನಾನೆಂಬ ಸಂತೋಷ ಬೇರೆ. ಎರಡೂ ಒಟ್ಟಿಗೇ ಹುಟ್ಟುವುದರಿಂದ ಬೇರ್ಪಡಿಸುವುದು ಕಷ್ಟ. ಉಪಕಾರ ಪಡೆದವನು ಎದುರಿಗಿಲ್ಲದಿರುವಾಗ ಎರಡನೆಯದಕ್ಕೆ ಆಹಾರ ಕಡಿಮೆ.

ಶಸ್ತ್ರಚಿಕಿತ್ಸೆ ಮುಗಿದು ಕಣ್ತೆರೆದ ರೋಗಿಯು ವೈದ್ಯರಿಗೂ ತನ್ನ ಕುಲದೇವರಿಗೂ ಕೈಮುಗಿಯುತ್ತಾನೆ. ರಕ್ತ ಕೊಟ್ಟವನು ಆ ಹೊತ್ತಿಗೆ ಲೋಕಲ್ ರೈಲಿನಲ್ಲಿ ಕುಳಿತುಕೊಳ್ಳಲು ಸ್ಥಳ ಸಿಗದೆ ನಿಂತುಕೊಂಡೇ ಆಫೀಸಿಗೆ ಹೋಗುತ್ತಿರುತ್ತಾನೆ.