ಕಲ್ಯಾಣದ ಸಂವಾದ ಧರ್ಮ

ಹೈದರಾಬಾದಿನಿಂದ ಮುಂಬಯಿಗೆ ಹೋಗುವ ಹೆದ್ದಾರಿಯು ಕೂಕಟ್‌ಪಲ್ಲಿಯ ನಡುವೆಯೇ ಸಾಗುತ್ತದೆ. ಅದೇ ಹಾದಿಯಲ್ಲಿ ಜಹೀರಾಬಾದನ್ನು ದಾಟಿ ಮುಂದೆ ಹೋದರೆ ಬಸವಕಲ್ಯಾಣದ ತಿರುವು ಬರುತ್ತದೆ. 1956ರ ನವೆಂಬರ್ 1ರವರೆಗೆ ಆ ಊರೂ ಈ ಊರೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಇಲ್ಲಿ ನೆಲೆಸಿದ ಕನ್ನಡಿಗರಿಗೆ ಕಲ್ಯಾಣವು ಪುರಾಣದ ಪಟ್ಟಣವಲ್ಲ, ನೆರೆಯೂರು.

ನವರಾತ್ರಿಯಲ್ಲಿ ವಾಗ್ದೇವಿಯ ಪೂಜೆ ಸಲ್ಲುವ ದಿನ ಪುಸ್ತಕಗಳನ್ನು ಮಣೆಯ ಮೇಲಿರಿಸಿ, ಅಂದು ಯಾರೂ ಓದಬಾರದೆಂಬ ರೂಢಿಯುಂಟು. ಒಂದು ದಿನದ ಮಟ್ಟಿಗೆ ಅದು ಸರಿಯೇ. ವರ್ಷವೆಲ್ಲವೂ ವಾಣಿಯನ್ನು ಹಾಗೆಯೇ ಕಟ್ಟಿಡುವ ಮನೆಗಳು ಕಡಮೆಯಿಲ್ಲ. 12ನೆಯ ಶತಮಾನದ ಶರಣರು ಅದನ್ನು ಬಿಚ್ಚಿಟ್ಟರು. ಅನುಭವ ಮಂಟಪವು ಒಂದು ಕಟ್ಟಡವಾಗಿದ್ದಿತೋ, ಶರಣರ ಗೋಷ್ಠಿಗೇ ಆ ಹೆಸರು ಬಂದಿತೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ವಾದಕ್ಕೆ ಹೆಸರಾದ ಮಂಟಪದ ಬಗೆಗೂ ವಾದ ನಡೆಯುತ್ತಿರುವುದು ಉಚಿತವೇ!

ಶೂನ್ಯಸಂಪಾದನೆಯಲ್ಲಿ ಬರುವ ಪ್ರಸಂಗವೊಂದಿದೆ. ಅಲ್ಲಮಪ್ರಭುದೇವರು ಸೊನ್ನಲಿಗೆಯ ಸಿದ್ಧರಾಮರನ್ನು ಕರೆದುಕೊಂಡು ಕಲ್ಯಾಣಕ್ಕೆ ಬಂದು ಬಸವಣ್ಣನವರ ಬಾಗಿಲಲ್ಲಿ ನಿಂತರು. ಬಸವಣ್ಣನವರು ಒಳಗೆ ಲಿಂಗಪೂಜೆಯಲ್ಲಿದ್ದರು. ಕರೆದು ತರಲೆಂದು ಅಪ್ಪಣ್ಣನವರನ್ನು ಕಳುಹಿಸಿದರೆ ಪ್ರಭುದೇವರು ಒಳಬರಲೊಪ್ಪಲಿಲ್ಲ. ಆಗ ಸೋದರಳಿಯ ಚೆನ್ನಬಸವಣ್ಣನವರು, ಜಂಗಮವು ಹೊರಗೆ ನಿಂತಿರುವಾಗ ಒಳಗೆ ನಡೆಯುವ ಪೂಜೆ ಯಾರಿಗೆ ಸಲ್ಲುತ್ತದೆಂದು ಮಾವನನ್ನು ಆಕ್ಷೇಪಿಸಿದರು. ಕಿರಿಯನು ಹಿರಿಯನನ್ನು ತಡೆದದ್ದು ಪೂಜೆಯ ವೇಳೆಯಲ್ಲಿ. ಆ ಹಿರಿಯನೋ ರಾಜ್ಯದ ಭಂಡಾರಿ. ಬಸವಣ್ಣನವರು ಕೆರಳಲಿಲ್ಲ, ತಾವೇ ಹೊರಬಂದು ಪ್ರಭುದೇವರಿಗೆ ಶರಣೆಂದರು.

ರಾಯಚೂರು ಸೀಮೆಯ ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಡದಿ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಕಥೆ ಎಲ್ಲರಿಗೂ ಗೊತ್ತಿದೆ. ಮಾರಯ್ಯನವರೂ ಹಿಂದಿರುಗಿ ಹೋದರು.

ಕೂಕಟ್‌ಪಲ್ಲಿಯ ಕನ್ನಡ ಮನೆಗಳಲ್ಲಿ ಬೀದರ, ಕಲಬುರ್ಗಿಯ ಕಡೆಯವರು ಘಟ್ಟ ಹಾಕುತ್ತಾರೆ, ಮೈಸೂರಿನವರು ಗೊಂಬೆ ಕೂರಿಸುತ್ತಾರೆ. ನೆರೆಮನೆಯವರು ಹೂವನ್ನೇ ಬತುಕಮ್ಮನಾಗಿ ಆರಾಧಿಸಿ ನೀರಿಗೆ ಬಿಡುತ್ತಾರೆ. ಇವನ್ನೆಲ್ಲ ಕಾಣುತ್ತ ಬೆಳೆದ ಮಕ್ಕಳು ಪ್ರಶ್ನಿಸದೆ ಇರುತ್ತಾರೆಯೇ? ದೇವಿ ಒಬ್ಬಳೇ ಆದರೆ ವಿಧಿ ಇಷ್ಟೇಕೆ? ದೇವಿಯು ಹೆಣ್ಣಾಗಿರುವಾಗ ತಿಂಗಳ ಮೂರು ದಿನ ಮಗಳು ದೇವರ ಕೋಣೆಗೆ ಏಕೆ ಹೋಗಬಾರದು? “ಹಿರಿಯರು ಹೇಳಿದ್ದನ್ನು ಕೇಳು” ಎಂಬುದೇ ಬಹಳ ಮನೆಗಳ ಉತ್ತರ. ಮಗಳು ಸುಮ್ಮನಾಗುತ್ತಾಳೆ. ಆ ಮೌನವನ್ನು ಹಿರಿಯರು ಭಕ್ತಿಯೆಂದು ತಿಳಿಯುತ್ತಾರೆ. ಮುಂದೆ ಅವಳು ತನ್ನದೇ ಮನೆ ಹೂಡಿದಾಗ ಅಲ್ಲಿ ದೀಪವೇ ಇಲ್ಲದಿದ್ದರೆ, ಕಾಲದ ಮೇಲೆ ತಪ್ಪು ಹೊರಿಸುತ್ತಾರೆ. ಎದುರು ಕುಳಿತು ಉತ್ತರ ಹುಡುಕಿದ್ದರೆ, ರೂಢಿಯ ಜೊಳ್ಳು ಯಾವುದು ಕಾಳು ಯಾವುದೆಂಬುದು ಹಿರಿಯರಿಗೂ ತಿಳಿಯುತ್ತಿತ್ತು.

ಮಾತನ್ನು ಬಲದಿಂದ ನಿಲ್ಲಿಸಿದವರೂ ಕಲ್ಯಾಣದಲ್ಲಿಯೇ ಇದ್ದರು. ಮಧುವರಸರ ಮಗಳನ್ನು ಹರಳಯ್ಯನವರ ಮಗನಿಗೆ ಕೊಟ್ಟಾಗ ಬಿಜ್ಜಳನ ಆಸ್ಥಾನವು ಚರ್ಚೆಗೆ ಇಳಿಯಲಿಲ್ಲ. ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆ ವಿಧಿಸಿತೆಂದು ಪರಂಪರೆ ಹೇಳುತ್ತದೆ. ಶರಣರು ಚದುರಿದರು, ಕಲ್ಯಾಣ ಹಾಳಾಯಿತು.

ಆದರೆ ಸಂವಾದ ಅಳಿಯಲಿಲ್ಲ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ವಚನಗಳನ್ನು ಪ್ರಶ್ನೋತ್ತರವಾಗಿ ಹೊಂದಿಸಿ ಶೂನ್ಯಸಂಪಾದನೆಯನ್ನು ರಚಿಸಿದರು. ಸಿದ್ಧರಾಮರಿಗೆ ಇಷ್ಟಲಿಂಗ ದೀಕ್ಷೆಯಾದ ಪ್ರಸಂಗ ಅದರಲ್ಲಿಲ್ಲವೆಂದು ಹಲಗೆಯಾರ್ಯರು ಒಪ್ಪದೆ ಮತ್ತೊಂದನ್ನು ಸಂಕಲಿಸಿದರು. ಅನಂತರ ಗುಮ್ಮಳಾಪುರದ ಸಿದ್ಧಲಿಂಗ ಯತಿಗಳು, ಗೂಳೂರ ಸಿದ್ಧವೀರಣ್ಣೊಡೆಯರು ತಮ್ಮ ತಮ್ಮ ಪಾಠಗಳನ್ನು ಕಟ್ಟಿದರು. ಒಬ್ಬರನ್ನೊಬ್ಬರು ಒಪ್ಪದ ಆ ನಾಲ್ಕು ಕೃತಿಗಳೂ ಉಳಿದು ಬಂದಿವೆ.