ಪ್ರಾಜೆಕ್ಟ್ ವರದಿಯೂ ಒಂದು ಸಾಕ್ಷಿ



ನಿಮ್ಮ ಮಗನೋ ಮಗಳೋ ಎಂ.ಬಿ.ಎ. ಓದುತ್ತಿದ್ದರೆ 'ಪ್ರಾಜೆಕ್ಟ್' ಎಂಬ ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ವಿದ್ಯಾರ್ಥಿ ಕೆಲವು ವಾರ ಒಂದು ಕಂಪನಿಗೆ ಹೋಗಿ, ಅಲ್ಲಿನ ಒಂದು ವಿಷಯವನ್ನು ಅಭ್ಯಸಿಸಿ ವರದಿ ಬರೆಯಬೇಕು. ಆ ವರದಿ ತನ್ನ ಸ್ವಂತ ಕೆಲಸವೆಂಬ ಘೋಷಣೆಗೆ ಅವನು ಸಹಿ ಹಾಕುತ್ತಾನೆ. ಕಂಪನಿಯ ಪ್ರಮಾಣಪತ್ರವೂ ಜೊತೆಗಿರುತ್ತದೆ.

ಕೊಪ್ಪಳ ತಾಲ್ಲೂಕಿನ ಅಳವಂಡಿಯಂತಹ ಊರಿನ ಹುಡುಗ ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಬೇವಿನಹಳ್ಳಿಯಲ್ಲಿ ಬೀಡುಕಬ್ಬಿಣ ತಯಾರಿಸುವ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಿದೆ. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳಿವೆ. ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರ ಮನೆಗಳಿವೆ. ಹೊಲದಲ್ಲಿ ದುಡಿದ ತಂದೆತಾಯಿಯರ ಮಗ, ದುಡಿಯುವವರನ್ನು 'ಮಾನವ ಸಂಪನ್ಮೂಲ' ಎಂಬ ಹೆಸರಿನಲ್ಲಿ ಮೊದಲ ಸಲ ಭೇಟಿಯಾಗುವುದು ಇಂತಹ ಕಡೆಯಲ್ಲೇ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಅವನ ವಿಷಯ 'ಕಾರ್ಮಿಕರ ಕೆಲಸದ ತೃಪ್ತಿ'. 100 ಜನರಿಂದ ಪ್ರಶ್ನಾವಳಿ ತುಂಬಿಸಬೇಕು. ಪಾಳಿ ಮುಗಿಸಿದವರಿಗೆ ಮನೆ ಸೇರುವ ಅವಸರ. ಮೇಲ್ವಿಚಾರಕ ಪಕ್ಕದಲ್ಲಿ ನಿಂತಿದ್ದರೆ ಬಾಯಿ ಬಿಡಲು ಅಂಜಿಕೆ. 60 ಹಾಳೆ ತುಂಬುವಷ್ಟರಲ್ಲಿ ವಾಯಿದೆ ಹತ್ತಿರ ಬರುತ್ತದೆ. ಗೆಳೆಯರು ಹೇಳುತ್ತಾರೆ: "ಉಳಿದ 40 ಹಾಳೆಗೆ ಕೋಣೆಯಲ್ಲೇ ಕೂತು ಟಿಕ್ ಹಾಕು. ಇದರಿಂದ ಯಾರಿಗೆ ನಷ್ಟ?"

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ವರದಿ ಕಾಲೇಜಿನ ಕಪಾಟು ಸೇರಿ ಧೂಳು ತಿನ್ನಬಹುದು. ಅದರಿಂದ ಯಾರ ಕೂಲಿಯೂ ಕಡಿಮೆಯಾಗದಿರಬಹುದು. ಆದರೂ ನಷ್ಟವಿದೆ. ಆ 40 ಹಾಳೆಗಳು 40 ಜನರ ಮಾತಿಗೆ ಮೀಸಲಾಗಿದ್ದ ಜಾಗ. ಇಡೀ ದಿನ ನಿಂತು ದುಡಿದವಳು ಬಾಯಿ ತೆರೆಯುವ ಮುನ್ನವೇ ಅವಳ ಪರವಾಗಿ 'ತೃಪ್ತಿಯಿದೆ' ಎಂದು ಇನ್ನೊಬ್ಬ ಬರೆದುಬಿಟ್ಟ! ನೆರೆಯವರ ವಿಷಯದಲ್ಲಿ ಸುಳ್ಳುಸಾಕ್ಷಿಯನ್ನು ನಿಷೇಧಿಸುವ ದೇವರ ಎಂಟನೆಯ ಆಜ್ಞೆ ನ್ಯಾಯಾಲಯದ ಕಟಕಟೆಗೆ ಮಾತ್ರ ಸೀಮಿತವೇ?

ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು ಪಠ್ಯದಲ್ಲಿ ಹಾಥಾರ್ನ್ ಅಧ್ಯಯನದ ಬಗ್ಗೆ ಓದಿರುತ್ತಾರೆ. ಅಮೆರಿಕದ ಷಿಕಾಗೊ ಬಳಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆಯಲ್ಲಿ 1924ರಲ್ಲಿ ಅದು ಆರಂಭವಾಯಿತು. ದೀಪದ ಬೆಳಕು ಹೆಚ್ಚಿದರೆ ಉತ್ಪಾದನೆ ಹೆಚ್ಚುವುದೇ ಎಂಬುದು ಮೊದಲ ಪ್ರಶ್ನೆ. 1928ರಿಂದ ಅಲ್ಲಿ ಕಾರ್ಮಿಕರ ಸಂದರ್ಶನಗಳು ನಡೆದವು. ಅವುಗಳ ಸಂಖ್ಯೆ 20,000 ದಾಟಿತು. ಮೊದಮೊದಲು ಸಿದ್ಧ ಪ್ರಶ್ನೆಗಳಿದ್ದವು. ಜನ ಆ ಪ್ರಶ್ನೆಗಳನ್ನು ಬಿಟ್ಟು ತಮ್ಮ ಮನಸ್ಸಿನಲ್ಲಿದ್ದುದನ್ನೇ ಹೇಳತೊಡಗಿದಾಗ, ಸಂದರ್ಶಕರು ಪಟ್ಟಿಯನ್ನು ಬದಿಗಿಟ್ಟು ಕೇಳಿಸಿಕೊಳ್ಳಲು ಕಲಿತರು. ಪ್ರಶ್ನೆ ಕೇಳುವವನಿಗೆ ಕಿವಿಯೂ ಇರಬೇಕೆಂಬುದು ಅಲ್ಲಿ ದೊರೆತ ಪಾಠ.

ಜಗದ್ಗುರು ಎರಡನೆಯ ಜಾನ್ ಪಾಲ್‌ರವರು ದುಡಿಮೆಯ ಕುರಿತು 1981ರಲ್ಲಿ ಹೊರಡಿಸಿದ ವಿಶ್ವಪತ್ರದ ತಿರುಳೂ ಇದಕ್ಕೆ ಹತ್ತಿರವಾದುದು. ದುಡಿಮೆಯ ಘನತೆ ಮೊದಲು ಬರುವುದು ದುಡಿಯುವ ವ್ಯಕ್ತಿಯಿಂದ. ತಯಾರಾದ ವಸ್ತುವಿನ ಬೆಲೆ ಆಮೇಲಿನದು. ಹಾಗಿದ್ದ ಮೇಲೆ ಆ ವ್ಯಕ್ತಿಯ ಮಾತಿಗೂ ಘನತೆಯಿದೆ.

ಇನ್ನೂ ಕಠಿಣವಾದ ಪ್ರಶ್ನೆಯೊಂದಿದೆ. ಕಾರ್ಮಿಕನೊಬ್ಬ ಧೈರ್ಯ ಮಾಡಿ ನಿಜ ಹೇಳಿದ. ಅದನ್ನು ಬರೆದರೆ ಅವನ ಕೆಲಸಕ್ಕೇ ಕುತ್ತು ಬಂದೀತು. ಸತ್ಯಕ್ಕೆ ಅಂಟಿಕೊಳ್ಳಬೇಕೋ, ಕರುಣೆ ತೋರಬೇಕೋ? ಎರಡನ್ನೂ ಉಳಿಸಿಕೊಳ್ಳುವ ದಾರಿ ಹುಡುಕುವ ಗುಣಕ್ಕೆ ವಿವೇಕ ಎಂದು ಹೆಸರು. ಹೆಸರು, ವಿಭಾಗ, ಪಾಳಿಯಂತಹ ಗುರುತು ಹಿಡಿಸುವ ವಿವರಗಳನ್ನು ಬಿಡಬಹುದು, ಬಿಡಲೇಬೇಕು. ಅಷ್ಟರಿಂದಲೂ ಅವನ ಗುರುತು ಅಡಗದಿದ್ದರೆ ಆ ಮಾತನ್ನು ಬರೆಯದೆ ಬಿಡುವುದೂ ಸರಿಯೇ. ಆದರೆ ದುಃಖವನ್ನು ತೃಪ್ತಿಯೆಂದು ತಿರುಚುವ ಹಕ್ಕು ವಿದ್ಯಾರ್ಥಿಗಿಲ್ಲ. ಪ್ರಮಾಣಪತ್ರಕ್ಕೆ ಸಹಿ ಹಾಕುವ ಅಧಿಕಾರಿಗೆ ನಿಜ ಹಿಡಿಸದೇ ಹೋದರೆ ಅದಕ್ಕೆ ಬೆಲೆ ತೆರಬೇಕಾಗಬಹುದು. ಬೆಲೆಯೇ ಇಲ್ಲದಿದ್ದರೆ ಅದೊಂದು ಪರೀಕ್ಷೆ ಹೇಗಾದೀತು?

ಸದ್ಗುಣವೂ ದುರ್ಗುಣವೂ ಮಾಡಿದ್ದನ್ನೇ ಮಾಡುವುದರಿಂದ ಬೇರೂರುತ್ತವೆ ಎಂದು ಸಂತ ತೋಮಸ್ ಅಕ್ವಿನಾಸರು ತಿಳಿಸುತ್ತಾರೆ. ಇಂದು ಪ್ರಶ್ನಾವಳಿಗೆ ಸುಳ್ಳು ತುಂಬಿದ ಕೈ ನಾಳೆ ಲೆಕ್ಕಪತ್ರಕ್ಕೆ ಸಹಿ ಹಾಕುವ ಕೈ.

ತಂದೆತಾಯಿಯರೇ, ಮಗ ಪ್ರಾಜೆಕ್ಟ್ ಮುಗಿಸಿ ಮನೆಗೆ ಬಂದಾಗ ಅಂಕ ಎಷ್ಟೆಂದು ಕೇಳುವ ಮೊದಲು, "ಅಲ್ಲಿ ಯಾರನ್ನು ಮಾತನಾಡಿಸಿದೆ? ಅವರು ಏನು ಹೇಳಿದರು?" ಎಂದು ಕೇಳಿ. 60 ಜನರೇ ಉತ್ತರಿಸಿದ್ದರೆ 60 ಎಂದೇ ಬರೆಯುವ ಧೈರ್ಯ ಅವನಿಗೆ ನಿಮ್ಮ ಮನೆಯಿಂದಲೇ ಸಿಗಬೇಕು.