ಮೈ ಅವರದು, ದನಿ ಯಾರದು?

ಉಪಕಾರ ಮಾಡಿದವರನ್ನು ಪ್ರಶ್ನಿಸುವ ಹಕ್ಕು ಉಪಕಾರ ಪಡೆದವನಿಗೆ ಇದೆಯೇ? ‘ಕಾರ್ಮೆನ್ ಜೋನ್ಸ್’ ಎಂಬ ಅಮೆರಿಕದ ಸಂಗೀತ ನಾಟಕವನ್ನೂ ಅದರಿಂದ ಹುಟ್ಟಿದ ಸಿನಿಮಾವನ್ನೂ ನೆನೆದಾಗಲೆಲ್ಲ ಈ ಪ್ರಶ್ನೆ ನಮ್ಮನ್ನು ಕಾಡುತ್ತದೆ.

ಅದು ಎರಡನೆಯ ಮಹಾಯುದ್ಧದ ಕಾಲ. 1943ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ನಾಟಕ ರಂಗಕ್ಕೆ ಬಂತು. ಫ್ರಾನ್ಸಿನ ಬಿಝೆ 1875ರಲ್ಲಿ ಕೊಟ್ಟ ‘ಕಾರ್ಮೆನ್’ ಒಪೆರಾದ ಸಂಗೀತವನ್ನು ಇಟ್ಟುಕೊಂಡು, ಆಸ್ಕರ್ ಹ್ಯಾಮರ್‌ಸ್ಟೀನ್ ಕತೆಯನ್ನೂ ಹಾಡಿನ ಮಾತನ್ನೂ ಹೊಸದಾಗಿ ಬರೆದರು. ಸ್ಪೇನಿನ ಸಿಗರೇಟು ಕಾರ್ಖಾನೆ ಅಮೆರಿಕದ ದಕ್ಷಿಣ ಭಾಗದ ಪ್ಯಾರಾಚೂಟ್ ಕಾರ್ಖಾನೆಯಾಯಿತು. ಗೂಳಿಕಾಳಗದವನು ಬಾಕ್ಸರ್ ಆದ. ಕಾರ್ಮೆನ್‌ಳ ಮೋಹಕ್ಕೆ ಬಿದ್ದು ಕೆಡುವ ಸೈನಿಕ ಜೋ ವಿಮಾನ ಚಾಲನೆಯ ತರಬೇತಿಗೆ ಹೊರಟು ನಿಂತವನು. ಪಾತ್ರಧಾರಿಗಳೆಲ್ಲ ಕಪ್ಪು ಜನ. 500ಕ್ಕೂ ಹೆಚ್ಚು ಪ್ರದರ್ಶನಗಳಾದವು.

ಇದು ಸಣ್ಣ ಉಪಕಾರವಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮರಿಯನ್ ಆಂಡರ್ಸನ್ ಪಾತ್ರ ವಹಿಸಿ ಹಾಡಿದ್ದು 1955ರಲ್ಲಿ. ಅದಕ್ಕೆ ಮೊದಲು ಯಾವ ಕಪ್ಪು ಗಾಯಕರಿಗೂ ಆ ಅವಕಾಶ ಸಿಕ್ಕಿರಲಿಲ್ಲ. ಹಿಟ್ಲರನ ಜನಾಂಗದ್ವೇಷದ ವಿರುದ್ಧ ಕಾದಾಡುತ್ತಿದ್ದ ಅಮೆರಿಕದ ಸೈನ್ಯದಲ್ಲೇ ಕಪ್ಪು ಸೈನಿಕರಿಗೆ ಬೇರೆ ಪಡೆಗಳಿದ್ದವು. ಅದನ್ನು ಕೊನೆಗಾಣಿಸುವ ಆದೇಶವನ್ನು ಅಧ್ಯಕ್ಷ ಟ್ರೂಮನ್ ಹೊರಡಿಸಿದ್ದು 1948ರಲ್ಲಿ. ನಾಟಕದ ಲೋಕದಲ್ಲಿ ಬಿಳಿಯರೇ ಇಲ್ಲ. ಹಾಗಾಗಿ ಬೇರ್ಪಡಿಸಿದವರೂ ಕಾಣುವುದಿಲ್ಲ.

ಹ್ಯಾಮರ್‌ಸ್ಟೀನ್ ಕೆಟ್ಟವರಲ್ಲ. ದ್ವೇಷ ಹುಟ್ಟಿನಿಂದ ಬರುವುದಿಲ್ಲ, ಮಕ್ಕಳಿಗೆ ಅದನ್ನು ಕಲಿಸಲಾಗುತ್ತದೆ ಎನ್ನುವ ಹಾಡನ್ನು 1949ರ ‘ಸೌತ್ ಪೆಸಿಫಿಕ್’ ನಾಟಕಕ್ಕೆ ಬರೆದವರು ಅವರೇ. ಆದರೆ ‘ಕಾರ್ಮೆನ್ ಜೋನ್ಸ್’ನ ಪಾತ್ರಗಳ ಬಾಯಲ್ಲಿ ಅವರು ಮುರುಕು ಇಂಗ್ಲಿಷ್ ಇಟ್ಟರು. ಕಪ್ಪು ಜನ ಹೀಗೆಯೇ ಮಾತಾಡುತ್ತಾರೆಂದು ಬಿಳಿಯರು ನಂಬಿದ್ದ ಇಂಗ್ಲಿಷ್ ಅದು.

ಇದನ್ನು ಓದಿದಾಗ ನಮಗೆ ನಮ್ಮ ಹೈಸ್ಕೂಲಿನ ವಾರ್ಷಿಕೋತ್ಸವ ನೆನಪಾಯಿತು. ನಮ್ಮನ್ನು ಮೊದಲ ಸಲ ರಂಗಕ್ಕೆ ಹತ್ತಿಸಿದವರು ಕನ್ನಡದ ಮೇಷ್ಟ್ರು. ಅವರಿಗೆ ನಮ್ಮ ಮೇಲೆ ತುಂಬ ಪ್ರೀತಿ. ಪಾತ್ರ ಕಲಾಯಿ ಸಾಬಿಯದು. ಮಾತನ್ನು ಕಂಠಪಾಠ ಮಾಡಿ ಸ್ಪಷ್ಟ ಕನ್ನಡದಲ್ಲಿ ಒಪ್ಪಿಸಿದೆವು. “ಹಾಗಲ್ಲ ಮಾರಾಯ, ಸಾಬರ ಹಾಗೆ ಮಾತಾಡು” ಎಂದರು. ‘ನಮ್ದೂಕೆ, ನಿಮ್ದೂಕೆ’ ಕಲಿಸಿಕೊಟ್ಟರು. ಜನ ಬಿದ್ದು ಬಿದ್ದು ನಕ್ಕರು, ನಮಗೂ ಖುಷಿಯಾಯಿತು. ಮನೆಗೆ ಬಂದಾಗ ಅಮ್ಮಿ ಕೇಳಿದ್ದು ಒಂದೇ ಮಾತು: ನಮ್ಮ ಮನೆಯಲ್ಲಿ ಹಾಗೆ ಯಾರು ಮಾತಾಡುತ್ತಾರೆ? (ನಮ್ಮ ದಖ್ಖನಿಯ ‘ಹೌ’, ‘ನಕ್ಕೋ’ಗಳನ್ನು ಕೇಳಿ ಮುಖ ಸಿಂಡರಿಸಿದ ಉರ್ದು ಉಸ್ತಾದರೂ ಇದ್ದರು. ತಪ್ಪು ಒಂದೇ ಕಡೆಯದಲ್ಲ.)

1954ರಲ್ಲಿ ಒಟ್ಟೊ ಪ್ರೆಮಿಂಜರ್ ನಾಟಕವನ್ನು ಸಿನಿಮಾ ಮಾಡಿದಾಗ ಮಾತಿನ ಜತೆ ದನಿಯೂ ಹೋಯಿತು. ನಾಯಕಿ ಡೊರೊತಿ ಡ್ಯಾಂಡ್ರಿಜ್, ನಾಯಕ ಹ್ಯಾರಿ ಬೆಲಫಾಂಟೆ. ಇಬ್ಬರೂ ಹೆಸರಾದ ಗಾಯಕರು. ಆದರೆ ಒಪೆರಾದ ಗಾಯನ ಬೇಕೆಂದು ಇಬ್ಬರಿಗೂ ಬೇರೆಯವರಿಂದ ಹಾಡಿಸಿದರು. ಬೆಲಫಾಂಟೆಗೆ ಹಾಡಿದ ಲೆವರ್ನ್ ಹಚರ್ಸನ್ ಕಪ್ಪು ಗಾಯಕ. ಡ್ಯಾಂಡ್ರಿಜ್‌ಗೆ ಹಾಡಿದವರು ಇಪ್ಪತ್ತರ ಹರೆಯದ ಬಿಳಿಯ ಯುವತಿ ಮರ್ಲಿನ್ ಹಾರ್ನ್. ಅವರು ಡ್ಯಾಂಡ್ರಿಜ್ ಜತೆ ಗಂಟೆಗಟ್ಟಲೆ ಕೂತು ಆ ದನಿಯನ್ನು ಅನುಕರಿಸಲು ಶ್ರಮಿಸಿದರಂತೆ. ಅನುಕರಿಸಲು ಬೇಕಾದ ದನಿ, ಕೇಳಿಸಲು ಬೇಡವಾಯಿತು.

ಹಿನ್ನೆಲೆ ಗಾಯನಕ್ಕೆ ಒಗ್ಗಿದ ನಮಗೆ ಇದರಲ್ಲಿ ಏನು ತಪ್ಪು ಎನ್ನಿಸಬಹುದು. 1952ರ ‘ಬೈಜು ಬಾವ್ರಾ’ದಲ್ಲಿ ಶಕೀಲ್ ಬದಾಯೂನಿ ಬರೆದು, ನೌಷಾದ್ ರಾಗ ಹಾಕಿ, ರಫಿ ಹಾಡಿದ ಹರಿಯ ಭಜನೆಗೆ ಭಾರತ್ ಭೂಷಣ್ ತುಟಿ ಆಡಿಸಿದರು. ಅಲ್ಲಿ ಯಾರ ದನಿಯನ್ನೂ ಯಾರೂ ಕಿತ್ತುಕೊಳ್ಳಲಿಲ್ಲ. ಯಾರು ಯಾರಿಗೆ ದನಿಯಾದರು ಎಂಬುದಕ್ಕಿಂತ, ಹಾಡಬಲ್ಲವರ ಬಾಯಿ ಮುಚ್ಚಿಸಿದರೇ ಎಂಬುದೇ ಇಲ್ಲಿ ಕೇಳಬೇಕಾದದ್ದು.

ಡ್ಯಾಂಡ್ರಿಜ್ ಈ ಚಿತ್ರಕ್ಕಾಗಿ ಅತ್ಯುತ್ತಮ ನಟಿಯ ಆಸ್ಕರ್‌ಗೆ ನಾಮಕರಣಗೊಂಡ ಮೊದಲ ಕಪ್ಪು ಮಹಿಳೆಯಾದರು. ಆ ಪ್ರಶಸ್ತಿ ಕಪ್ಪು ನಟಿಯೊಬ್ಬರಿಗೆ, ಹ್ಯಾಲಿ ಬೆರ್ರಿಗೆ, ದಕ್ಕಲು 2002 ಬರಬೇಕಾಯಿತು. ಇಷ್ಟೆಲ್ಲ ತೆರೆದ ಬಾಗಿಲನ್ನು ದೂರುವುದು ಕೃತಘ್ನತೆಯೇ? ಲೇಖಕ ಜೇಮ್ಸ್ ಬಾಲ್ಡ್ವಿನ್ ದೂರಿದರು. ಈ ಪಾತ್ರಗಳ ಮಾತು ಸುಳ್ಳು, ಕೃತಕ ಎಂದು ಆಗಲೇ ಬರೆದರು. ನಾವು ಅವರ ಪರ. ಕೊಟ್ಟದ್ದನ್ನು ಎತ್ತಿ ಆಡಿ ದಾನವನ್ನು ಹಾಳುಮಾಡಬೇಡಿ ಎಂದು ಕುರ್‌ಆನ್ ಎಚ್ಚರಿಸುವುದು ಕೊಡುವವನನ್ನು. ಪಡೆದವನು ಬಾಯಿ ಮುಚ್ಚಿಕೊಂಡಿರಬೇಕೆಂದು ಅಲ್ಲಿ ಹೇಳಿಲ್ಲ. ಮೇಷ್ಟ್ರ ಪ್ರೀತಿಯನ್ನು ನಾವು ಇಂದಿಗೂ ಮರೆತಿಲ್ಲ. ಅಮ್ಮಿಯ ಪ್ರಶ್ನೆಗೂ ಅಷ್ಟೇ ಋಣಿ.

2001ರಲ್ಲಿ ಬಿಯಾನ್ಸೆ ನಟಿಸಿದ ಟಿವಿ ಚಿತ್ರವೊಂದು ಇದೇ ಕಾರ್ಮೆನ್‌ಳನ್ನು ಹಿಪ್‌ಹಾಪ್‌ಗೆ ತಂದಿತು. ಅದು ಅಷ್ಟಕ್ಕಷ್ಟೆ. ನಮಗೆ ಮುಖ್ಯವೆನಿಸುವುದು ಬಿಝೆಯ ಒಪೆರಾವನ್ನೇ ಆಧರಿಸಿ ದಕ್ಷಿಣ ಆಫ್ರಿಕಾದಲ್ಲಿ ತಯಾರಾದ ‘ಯು-ಕಾರ್ಮೆನ್ ಎ-ಖಯೆಲಿತ್ಶಾ’. 2005ರಲ್ಲಿ ಬರ್ಲಿನ್ ಚಿತ್ರೋತ್ಸವದ ಚಿನ್ನದ ಕರಡಿ ಪಡೆದ ಚಿತ್ರ ಅದು. ಕತೆ ನಡೆಯುವುದು ಕೇಪ್‌ಟೌನ್ ಪಕ್ಕದ ಕಪ್ಪು ಜನರ ಬಡಾವಣೆಯಲ್ಲಿ. ಭಾಷೆ ಅಲ್ಲಿಯವರದೇ ಆದ ಖೋಸಾ. ಕಾರ್ಮೆನ್ ಆಗಿ ನಟಿಸಿದ ಪೌಲಿನ್ ಮಲೆಫಾನೆ ಸ್ವಂತ ದನಿಯಲ್ಲಿ ಹಾಡಿದ್ದಾರೆ. ಹಾಡುಗಳನ್ನು ಖೋಸಾಕ್ಕೆ ತಂದವರಲ್ಲಿ ಅವರೂ ಒಬ್ಬರು.